ಅಕಾರದ ಬಾಲ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 1

ಬಿಲದಲ್ಲಿ ಕುಳಿತೇ ಬರೆಯುತ್ತಿದ್ದೇನೆ. ಊಟದ ವಿರಾಮ. ಮೇಲೆ ಬಡಗಿ ರಾಣಿಯ ಸಿಂಹಾಸನಕ್ಕೆ ಮೊಳೆ ಹೊಡೆಯುತ್ತಿದ್ದಾನೆ, ಏಟಿಗೊಂದು ಚಿಟಿಕೆ ಧೂಳು ನನ್ನ ತಲೆಯ ಮೇಲೆ. ಕುರ್ಚಿಯ ಮೆತ್ತೆ ಬದಲಾಯಿಸಿ ಎಂದು ಆರು ತಿಂಗಳಿಂದ ಕೇಳುತ್ತಿದ್ದೆ. ಬದಲಾಯಿಸಿದ್ದಾರೆ — ಹಳೆಯದನ್ನೇ ಮಗುಚಿ ಹಾಕಿದ್ದಾರೆ.

ಬೆಳಿಗ್ಗೆ ಒಪೆರಾದ ಮೂರನೇ ಅಂಕದ ರಿಹರ್ಸಲ್. ಸಿಸ್ಟರ್ ಒಂದು ಪದವನ್ನೂ ತಪ್ಪಲಿಲ್ಲ. ನನಗೆ ಕೆಲಸವೇ ಇರಲಿಲ್ಲ. ಪ್ರತಿ ಸಾಲಿನ ಮೊದಲ ಪದವನ್ನು ಅರ್ಧ ಕ್ಷಣ ಮುಂಚೆ ಪಿಸುಗುಟ್ಟುವುದು ನನ್ನ ಕೆಲಸ. ಆಫೀಸಿನ ಪಟ್ಟಿಯಲ್ಲಿ ಪ್ರಾಂಪ್ಟರ್, ಉಳಿದವರ ಬಾಯಲ್ಲಿ ಬಿಲದಣ್ಣ. ರಂಗದ ಅಂಚಿನಲ್ಲಿ ಒಂದು ತೂತು, ತೂತಿನಲ್ಲಿ ಕುರ್ಚಿ, ಕುರ್ಚಿಯಲ್ಲಿ ನಾನು. ನೋಡುವ ಜನಕ್ಕೆ ಕಾಣುವುದಿಲ್ಲ. ಹಾಡುವವರಿಗೆ ಕುತ್ತಿಗೆಯಿಂದ ಮೇಲೆ ಮಾತ್ರ ಕಾಣುತ್ತೇನೆ. ನನಗೆ ಕಾಲಿದೆ ಎಂದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಸಿಸ್ಟರ್ ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹಾಡಿಗೆ ಬಂದು ಆರು ವರ್ಷ. ಇಷ್ಟು ದಿನ ಸಿಕ್ಕಿದ್ದು ದಾಸಿ, ಗೆಳತಿ, ಎರಡನೇ ತಂಗಿ. ಈ ಸಲ ರಾಣಿ. ವಾದ್ಯದವರನ್ನೂ ಹಾಡುವವರನ್ನೂ ಕೈ ಬೀಸಿ ನಡೆಸುವವರಿಗೆ ನಮ್ಮಲ್ಲಿ ಕಂಡಕ್ಟರ್ ಎನ್ನುತ್ತಾರೆ. ಅವಳ ಅಮ್ಮನಿಗೆ ಫೋನಿನಲ್ಲಿ ಹೇಳಿದಳಂತೆ — 'ಕಂಡಕ್ಟರ್ ನನ್ನನ್ನೇ ನೋಡ್ತಾ ಕೈ ಮಾಡ್ತಾರೆ ಅಮ್ಮ.' ಆ ಅಮ್ಮ ಕೇಳಿದರಂತೆ: 'ಯಾಕೆ, ಟಿಕೆಟ್ ತಗೊಂಡಿಲ್ವಾ?'

ಎಲ್ಲ ಸರಿ. ಒಂದು ಮಾತ್ರ ಸರಿಯಿಲ್ಲ. ಅವಳು ಅಳುವುದಿಲ್ಲ.

ಮಾರ್ಚ್ 4. ಸಂಜೆ 5

ಇವತ್ತೂ ಅದೇ. ಕೊನೆಯ ಹಾಡು ಹನ್ನೆರಡು ಸಲ.

ಕಥೆ ಇಷ್ಟು: ರಾಣಿಯ ಮಗ ಹಡಗಿನ ಜೊತೆ ಮುಳುಗಿದ ಸುದ್ದಿ ಬರುತ್ತದೆ. ಸಭೆ ತುಂಬಿದೆ. ಶತ್ರುವಿನ ದೂತ ಎದುರಿಗೇ ನಿಂತಿದ್ದಾನೆ. ಆಗ ರಾಣಿ ಹಾಡುತ್ತಾಳೆ —

ಬಾಗಿಲು ಹಾಕಿ ಕೋಟೆಗೆ,
ದೀಪ ಹಚ್ಚಿ ಬೀದಿಗೆ,
ನೀರು ಕೊಡಿ ಕುದುರೆಗೆ,
ಮಗನ ಹಾಸಿಗೆ ಮಡಚಿಡಿ.

'ಮಗನ' ಎಂಬಲ್ಲಿ ಸ್ವರ ತಾರಕಕ್ಕೆ ಹೋಗಿ ಅಲ್ಲೇ ನಿಲ್ಲಬೇಕು. ಒಂದು ಉಸಿರು ಪೂರ್ತಿ. ಈ ಒಪೆರಾ ಈ ಊರಿನಲ್ಲಿ ನಲವತ್ತು ವರ್ಷದಿಂದ ನಡೆಯುತ್ತಿದೆ. ಜನ ಬರುವುದೇ ಈ ಹಾಡಿಗೆ.

ನಿರ್ದೇಶಕರ ಕೈಯಲ್ಲಿ ಸದಾ ಒಂದು ಪುಸ್ತಕ. 'ಮೈಯೂ ಹಾಡಬೇಕು.' ಬರೆದವರು ನಮ್ಮ ಥಿಯೇಟರಿನವರೆಲ್ಲ ದೊಡ್ಡಕ್ಕ ಎನ್ನುವ ಹಿರಿಯ ಗಾಯಕಿ — ಈ ರಾಣಿಯ ಪಾತ್ರವನ್ನು ಮೊಟ್ಟಮೊದಲು ಹಾಡಿದವರು. ಕೈ ಹೇಗೆ ಎತ್ತಬೇಕು, ಬೆನ್ನು ತಿರುಗಿಸಿದಾಗ ಮುಖದಲ್ಲಿ ಏನಿರಬೇಕು, ಸಾಯುವಾಗ ಯಾವ ಕಡೆ ಬೀಳಬೇಕು (ಎಡಕ್ಕೆ, ಬಲಕ್ಕೆ ಬಿದ್ದರೆ ವಾದ್ಯದವರಿಗೆ ಧೂಳು) — ಎಲ್ಲ ಅದರಲ್ಲಿದೆ. ಹಾಡು ಕಲಿಯಲು ಬಂದವರೆಲ್ಲ ಮೊದಲು ಓದುವುದು ಅದನ್ನೇ. ನಿರ್ದೇಶಕರು ಏನು ಹೇಳಿದರೂ ಪುಟದ ನಂಬರ್ ಹೇಳಿಯೇ ಮುಂದುವರಿಯುವುದು. ಹಾಗಾಗಿ ಅವರ ಹೆಸರು ಪುಟಸಂಖ್ಯೆ.

'ಪುಟ ನೂರ ಹನ್ನೆರಡು ನೋಡಿ ಮೇಡಂ. "ಇಲ್ಲಿ ರಾಣಿ ಅಳಬೇಕು. ಪೂರ್ತಿಯಾಗಿ, ಕೊನೆಯ ಉಸಿರಿನವರೆಗೆ. ಸಭೆ ನೋಡುತ್ತಿರುತ್ತದೆ." ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೋದು?'

ಸಿಸ್ಟರ್ ಪ್ರಯತ್ನಪಟ್ಟಳು. ತಾರಕದಲ್ಲಿ ಸ್ವರ ಒಡೆಯಿತು. ಅತ್ತರೆ ಹಾಡಿಲ್ಲ, ಹಾಡಿದರೆ ಅಳುವಿಲ್ಲ.

ಹೋಗುವಾಗ ಬಿಲದ ಬಾಯಿಗೆ ಬಗ್ಗಿ ಹೇಳಿದಳು: 'ಬಿಲದಣ್ಣ, ಇದರ ತುಂಬ ಬರೀ ಕೆಲಸ ಹೇಳೋದೇ ಇದೆಯಲ್ಲಾ. ಬಾಗಿಲು ಹಾಕಿ, ನೀರು ಕೊಡಿ... ಡ್ಯೂಟಿ ಬದಲಾಗೋವಾಗ ನಾವು ಹೇಳ್ತಿದ್ದ ಹಾಗೆ.'

ನಕ್ಕೆ. ನಗಬಾರದಿತ್ತೇನೋ.

ಮಾರ್ಚ್ 7, ಶನಿವಾರ

ಪ್ರೆಸ್‌ನವರಿಂದ ಫೋನ್. 'ಮೈಯೂ ಹಾಡಬೇಕು' ಹೊಸದಾಗಿ ಅಚ್ಚಾಗುತ್ತದಂತೆ. ಹಳೆಯ ಅಚ್ಚಿನ ಪುಟಗಳನ್ನು ದೊಡ್ಡಕ್ಕನ ಕೈಬರಹದ ಜೊತೆ ಹೋಲಿಸಿ ನೋಡಿಕೊಡಬೇಕಂತೆ. ನಾನೇ ಯಾಕೆ? ಮೊದಲ ಸಲ ಅವರ ಕೈಬರಹವನ್ನು ಪ್ರೆಸ್‌ಗಾಗಿ ಶುದ್ಧಪ್ರತಿ ಮಾಡಿದವನು ನಾನು. ಆಗ ಇಪ್ಪತ್ತನಾಲ್ಕು ವರ್ಷ. ಹಳ್ಳಿಯಿಂದ ಬಂದು ಮೂರು ತಿಂಗಳಾಗಿತ್ತು. ಕೈಯಲ್ಲಿ ಅಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ. ಮುನ್ನುಡಿಯಲ್ಲಿ ದೊಡ್ಡಕ್ಕ ಬರೆದಿದ್ದಾರೆ: 'ನನ್ನ ಕಾಗೆಕಾಲನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟ ಹುಡುಗನಿಗೆ ಋಣಿ.' ಆ ಸಾಲನ್ನು ನೋಡಿಯೇ ಥಿಯೇಟರಿನವರು ಈ ಬಿಲದಲ್ಲಿ ಕೂರಿಸಿದ್ದು. ಮದುವೆ ಮಾತುಕತೆಗೆ ಹೋದಾಗಲೂ ಅದೇ ಪುಟ ತೋರಿಸಿದ್ದೆ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದರು.

ದೊಡ್ಡಕ್ಕನ ಮನೆಗೆ ಹೋಗಿ ಕೈಬರಹವಿದ್ದ ಟ್ರಂಕು ತಂದೆ. ಎಂಬತ್ತನಾಲ್ಕು ಅವರಿಗೆ. ಕಿವಿ ಅರ್ಧ, ಕಣ್ಣು ಪೂರ್ತಿ. ಕಿಟಕಿಯ ಪಕ್ಕ ಕುಳಿತು ಕೆಳಗೆ ಬಸ್ಸಿಗೆ ಕಾಯುವವರನ್ನು ನೋಡುತ್ತಿದ್ದರು.

'ಆ ಹಸಿರು ಕೋಟಿನವನು ಜಗಳ ಆಡಿ ಬಂದಿದ್ದಾನೆ ನೋಡು. ಭುಜ ಹೇಳ್ತಿದೆ.'

'ನೀವು ಇನ್ನೊಂದು ಪುಸ್ತಕ ಬರೀಬಹುದು ದೊಡ್ಡಕ್ಕ.'

'ಬರೆದಿದ್ದೇ ಸಾಕು ಕಣೋ.' ಟ್ರಂಕಿನ ಕಡೆ ನೋಡಿ, 'ಅದನ್ನ ಪೂರ್ತಿ ನೋಡ್ತೀಯಾ?' ಎಂದರು.

'ಪುಟ ಪುಟಾನೂ.'

ಅವರು ಮತ್ತೆ ಬಸ್ಸಿನ ಕಡೆ ತಿರುಗಿದರು.

ಮಾರ್ಚ್ 9. ಮಧ್ಯಾಹ್ನ

ಥಿಯೇಟರಿನ ಲೈಬ್ರರಿ ಎಂದರೆ ಮೇಕಪ್ ಕೋಣೆಯ ಪಕ್ಕದ ಮೂರು ಕಪಾಟು. ಪುಸ್ತಕಕ್ಕೆಲ್ಲ ಪೌಡರಿನ ವಾಸನೆ. ಸಿಸ್ಟರ್ ನೆಲದ ಮೇಲೆ ಕುಳಿತು ಎಂಟು ಹತ್ತು ಪುಸ್ತಕ ಹರಡಿಕೊಂಡಿದ್ದಳು. ಅಳುವುದು ಹೇಗೆ ಎಂದು ಹುಡುಕುತ್ತಿದ್ದಳು.

ಒಂದರ ತುಂಬ ಕೈಗಳ ಚಿತ್ರ. ಭಯಕ್ಕೊಂದು ಕೈ, ಪ್ರೀತಿಗೊಂದು, ಸಂಶಯಕ್ಕೊಂದು. ಸಂಶಯದ ಕೈ ನೋಡಿ, 'ಇದು ನಾಡಿ ಹಿಡಿಯೋ ಕೈ' ಎಂದಳು. ಇನ್ನೊಂದು ಪುಸ್ತಕ ಹೇಳುತ್ತದೆ, ದುಃಖಕ್ಕೆ ಎದೆಯ ಮೇಲೆ ಕೈ ಇಡಬೇಕು. ಅದರ ಪಕ್ಕದ ಪುಸ್ತಕ ಹೇಳುತ್ತದೆ, ಏನೇ ಆಗಲಿ ಎದೆಯ ಮೇಲೆ ಕೈ ಇಡಬೇಡಿ. ಎರಡೂ ಒಂದೇ ಕಪಾಟಿನಲ್ಲಿ ನೆರೆಹೊರೆಯವರಂತೆ ಬಾಳಿವೆ. ಮೂರನೆಯದರಲ್ಲಿ ಯಾರೋ ಎಲ್ಲ ಚಿತ್ರಗಳಿಗೂ ಮೀಸೆ ಬರೆದಿದ್ದಾರೆ.

'ನಿಮ್ಮ ಅಜ್ಜಿ ಕಥೆ ಹೇಳೋವಾಗ ಅಳ್ತಿದ್ರಾ ಬಿಲದಣ್ಣ?'

ಯಾರೂ ಕೇಳದ ಪ್ರಶ್ನೆ. ಯೋಚಿಸಿದೆ. ಅಜ್ಜಿ ಕಾಳು ಆರಿಸುತ್ತಾ ಕಥೆ ಹೇಳುತ್ತಿದ್ದಳು. ಏಳು ಕೋಟೆ ದಾಟಿದ ರಾಣಿಯ ಕಥೆ. ರಾಣಿಯ ಕೂಸು ಸಾಯುವ ಜಾಗ ಬಂದಾಗ ಅಜ್ಜಿಯ ಕೈ ನಿಲ್ಲುತ್ತಿರಲಿಲ್ಲ. ಕಲ್ಲು ಈ ಕಡೆ, ಕಾಳು ಆ ಕಡೆ. ನಾವು ಮೊಮ್ಮಕ್ಕಳು ಗೊಳೋ ಎನ್ನುತ್ತಿದ್ದೆವು. ಅಜ್ಜಿಯ ಕಣ್ಣು ಒಣಗಿಯೇ ಇರುತ್ತಿತ್ತು.

'ಇಲ್ಲ' ಎಂದೆ.

'ಮತ್ತೆ?'

ರಿಹರ್ಸಲ್ಲಿನ ಗಂಟೆ ಹೊಡೆಯಿತು.

ಮಾರ್ಚ್ 11, ಬುಧವಾರ. ಸಂಜೆ 4

ಪುಟಸಂಖ್ಯೆ ಕೆಟ್ಟವರಲ್ಲ. ಅದೇ ಕಷ್ಟ. ಎಲ್ಲರ ಎದುರು ಹೇಳದೆ ಸಿಸ್ಟರನ್ನು ಪಕ್ಕಕ್ಕೆ ಕರೆದು ಹೇಳಿದರು. ಪಕ್ಕ ಎಂದರೆ ನನ್ನ ಬಿಲದ ಪಕ್ಕ.

'ಬೇರೆ ಊರಿನ ಗಾಯಕಿ ಒಬ್ಬರನ್ನ ಕೇಳಿಟ್ಟಿದ್ದೀನಿ ಮೇಡಂ. ಹದಿನೇಳನೇ ತಾರೀಖು ಸಂಜೆಯೊಳಗೆ ಅವರಿಗೆ ಹೇಳಬೇಕು. ನಿಮ್ಮ ಸ್ವರದ ಬಗ್ಗೆ ಮಾತಿಲ್ಲ. ಆದರೆ ಆ ಪುಟ ಇಲ್ಲದೆ ಈ ಒಪೆರಾ ಇಲ್ಲ.'

ಅವಳು 'ಸರಿ ಸರ್' ಎಂದಳು. ವಾರ್ಡಿನಲ್ಲಿ ಡಾಕ್ಟರಿಗೆ ಹೇಳುವಂತೆ.

ಆಮೇಲೆ ನನ್ನ ಹತ್ತಿರ: 'ಆಸ್ಪತ್ರೆಯ ಹಳೇ ಮೇಟ್ರನ್ ಸಿಕ್ಕಿದ್ರು. ಜಾಗ ಖಾಲಿ ಇದೆ, ವಾಪಸ್ ಬಾ ಅಂದ್ರು. ಹೋಗಿಬಿಡ್ತೀನೇನೋ ಬಿಲದಣ್ಣ. ಮೂವತ್ತೇಳಾಯ್ತು. ಇನ್ನು ಎರಡನೇ ತಂಗಿ ಆಗೋಕೆ ಬೆನ್ನು ಕೇಳಲ್ಲ.'

'ಪ್ರಯತ್ನ ಮಾಡಮ್ಮ ಇನ್ನೂ.'

'ಹನ್ನೊಂದು ವರ್ಷ ಅಳಬಾರದು ಅಂತ ಕಲಿತೆ. ವಾರ್ಡಲ್ಲಿ ಅಳೋರು ನೆಂಟರು. ನಾವೂ ಅತ್ತರೆ ಸೂಜಿ ಎಲ್ಲಿ ಚುಚ್ಚೋದು? ಈಗ ಅದನ್ನ ಆರು ದಿನದಲ್ಲಿ ಮರೀಬೇಕು.'

ಮಾರ್ಚ್ 12. ಬೆಳಿಗ್ಗೆ 11

ಮನೆಯಲ್ಲಿ, ಟ್ರಂಕಿನ ಮುಂದೆ. ನೂರ ಹನ್ನೆರಡಕ್ಕೆ ಬಂದೆ.

ಇಲ್ಲಿಗೇ ನಿಲ್ಲಿಸುತ್ತೇನೆ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ 3

ಮೂರು ದಿನ ಬರೆಯಲಿಲ್ಲ. ಟ್ರಂಕಿನ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟಿದ್ದೆ, ಅದೇನೋ ಎದ್ದು ಬಂದುಬಿಡುತ್ತದೆ ಎಂಬಂತೆ.

ಬರೆದೇಬಿಡುತ್ತೇನೆ. ಬೇರೆ ಯಾರೂ ಓದುವುದಿಲ್ಲವಲ್ಲ.

ದೊಡ್ಡಕ್ಕನ ಕೈಬರಹದಲ್ಲಿ ಹೀಗಿದೆ: 'ಇಲ್ಲಿ ರಾಣಿ ಆಳಬೇಕು. ಪೂರ್ತಿಯಾಗಿ, ಕೊನೆಯ ಉಸಿರಿನವರೆಗೆ. ಸಭೆ ನೋಡುತ್ತಿರುತ್ತದೆ.'

ಆಳಬೇಕು. ರಾಜ್ಯ ಆಳುವುದು. ಆ.

ನನ್ನ ಮುತ್ತಿನಂಥ ಅಕ್ಷರದಲ್ಲಿ: ಅಳಬೇಕು. ಅ.

ಒಂದು ಬಾಲ. ಅಕಾರದ ಬಲಗಡೆ ಸುತ್ತಿಕೊಂಡು ನಿಲ್ಲುವ ಇಷ್ಟುದ್ದದ ಬಾಲ. ದೊಡ್ಡಕ್ಕ ಎಲ್ಲ ಅಕ್ಷರಕ್ಕೂ ಬಾಲ ಎಳೆಯುತ್ತಿದ್ದರು, ಪೂರ್ಣವಿರಾಮಕ್ಕೂ ಬಿಡುತ್ತಿರಲಿಲ್ಲ. ಬೇಕಾದ್ದು ಯಾವುದು ಬೇಡದ್ದು ಯಾವುದು ಎಂದು ನಾನೇ ಕತ್ತರಿಸುತ್ತಾ ಹೋದೆ. ಇಲ್ಲಿಗೆ ಬಂದಾಗ ಕೈ ಒಂದು ಕ್ಷಣ ನಿಂತದ್ದು ನೆನಪಿದೆ. ಮೂವತ್ತನಾಲ್ಕು ವರ್ಷವಾದರೂ ನೆನಪಿದೆ! ಮಗ ಸತ್ತ ರಾಣಿ ಇನ್ನೇನು ಮಾಡುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ದೊಡ್ಡಕ್ಕನನ್ನು ಕೇಳಬಹುದಿತ್ತು, ಪಕ್ಕದ ಕೋಣೆಯಲ್ಲೇ ಇದ್ದರು. ಕೇಳಿದರೆ ಹಳ್ಳಿಯವನಿಗೆ ಓದಲು ಬರುವುದಿಲ್ಲ ಎಂದುಕೊಂಡಾರು ಎನಿಸಿತು. ಬಾಲ ಕತ್ತರಿಸಿದೆ.

ಅಲ್ಲಿಂದ ಈಚೆಗೆ ಆರು ಜನ ರಾಣಿಯರು. ಆರೂ ಜನ ಅತ್ತರು. ಬಿಲದಲ್ಲಿ ಕುಳಿತು ಎಲ್ಲರಿಗೂ ಮೊದಲ ಪದ ಹೇಳಿಕೊಟ್ಟವನು ನಾನು. ಈಗ ಅಳಲಾಗದ ಒಬ್ಬಳು ಮನೆಗೆ ಹೋಗುತ್ತಿದ್ದಾಳೆ.

ಹೇಳಿದರೆ? ಆ ಮುನ್ನುಡಿಯ ಸಾಲು ಹೋಯಿತು. ನನ್ನ ಹತ್ತಿರ ಇರುವುದು ಅದೊಂದೇ ಸಾಲು.

ಇವಳಿಗೆ, ನನ್ನ ಹೆಂಡತಿಗೆ, ಹೇಳಿದೆ. ಇವಳು ಒಂದನೇ ತರಗತಿಯ ಟೀಚರ್. ಸ್ಲೇಟುಗಳ ರಾಶಿ ಒರೆಸುತ್ತಿದ್ದವಳು ಕೈ ನಿಲ್ಲಿಸಿ ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿದಳು.

'ಮೂವತ್ತು ವರ್ಷದಿಂದ ಅ ಬೇರೆ ಆ ಬೇರೆ ಅಂತ ಊರ ಮಕ್ಕಳಿಗೆಲ್ಲ ತಿದ್ದಿಸಿದ್ದೀನಿ. ಮನೇಲೇ ಒಬ್ಬರು ಫೇಲು.'

'ತಮಾಷೆ ಮಾಡಬೇಡ.'

'ಮಾಡ್ತಿಲ್ಲ ರೀ.' ಸ್ಲೇಟು ಕೆಳಗಿಟ್ಟಳು. 'ನನ್ನ ಕ್ಲಾಸಲ್ಲಿ ಮಗು ತಪ್ಪು ಬರೆದರೆ ಏನು ಮಾಡ್ತೀನಿ ಗೊತ್ತಾ? ಒರೆಸಲ್ಲ. ಅದರ ಕೈಯಲ್ಲೇ ಬಾಲ ಹಾಕಿಸ್ತೀನಿ. ನಾನು ಹಾಕಿದರೆ ಅದಕ್ಕೆ ನೆನಪಿರಲ್ಲ.'

'ಎಲ್ಲರೂ ನಗ್ತಾರೆ.'

'ನಗಲಿ. ಬಿಲದಲ್ಲಿ ಕೂತಿರೋರಿಗೆ ಯಾಕೆ ನಾಚಿಕೆ? ಕುತ್ತಿಗೆ ತನಕ ಒಳಗೇ ಇದ್ದೀರಲ್ಲ.'

ಮಾರ್ಚ್ 16. ಬೆಳಿಗ್ಗೆ 10

ದೊಡ್ಡಕ್ಕನ ಮನೆಯಿಂದ ಈಗ ಬಂದೆ. ನನ್ನ ಅಕ್ಷರ ಇವತ್ತು ಅವರದರ ಹಾಗೇ ಇದೆ.

ಹಾಳೆಯನ್ನು ಅವರ ಮಡಿಲಲ್ಲಿ ಇಟ್ಟೆ. ಕಿವಿ ಕೇಳುವುದಿಲ್ಲವೆಂದು ಜೋರಾಗಿ ಹೇಳಬೇಕಾಯಿತು. ತಪ್ಪು ಒಪ್ಪಿಕೊಳ್ಳುವಾಗ ಕೂಗಬೇಕಾಗಿ ಬರುವುದು ದೊಡ್ಡ ಶಿಕ್ಷೆ. ಕೆಳಗೆ ಬಸ್ಸಿಗೆ ನಿಂತವರೂ ಮೇಲೆ ನೋಡಿದರು.

'ನೂರ ಹನ್ನೆರಡನೇ ಪುಟ ದೊಡ್ಡಕ್ಕ. ನಾನು ಅಳಬೇಕು ಅಂತ ಬರೆದೆ.'

'ಅಳು, ಯಾರು ಬೇಡ ಅಂದ್ರು?'

'ನಾನಲ್ಲ. ರಾಣಿ. ನೀವು ಆಳಬೇಕು ಅಂತ ಬರೆದಿದ್ರಿ. ನಾನು ಬಾಲ ಬಿಟ್ಟೆ.'

ಹಾಳೆ ನೋಡಲೇ ಇಲ್ಲ. ನನ್ನನ್ನೇ ನೋಡಿದರು.

'ಗೊತ್ತು.'

'ಏನು?'

'ಗೊತ್ತು ಕಣೋ. ಪುಸ್ತಕ ಬಂದ ದಿನವೇ ಗೊತ್ತಾಯ್ತು.'

ಕುಳಿತುಬಿಟ್ಟೆ. ನೆಲದ ಮೇಲೆ.

ಅವರು ಹೇಳಿದ್ದು ಇದ್ದಹಾಗೆ ಬರೆಯುತ್ತೇನೆ. ಪುಸ್ತಕ ಬಂದ ತಿಂಗಳೇ ಹೊಸ ರಾಣಿ ರಂಗಕ್ಕೆ ಬಂದಳು. ಪುಸ್ತಕ ನೋಡಿ ಅತ್ತಳು. ದೊಡ್ಡಕ್ಕ ಎರಡನೇ ಸಾಲಿನಲ್ಲಿ ಕುಳಿತಿದ್ದರು. ಎದ್ದು ನಿಂತು ನಿಲ್ಲಿಸು ಎನ್ನಬೇಕೆನಿಸಿತು. ಅಷ್ಟರಲ್ಲಿ ಜನವೇ ಎದ್ದು ನಿಂತರು. ಚಪ್ಪಾಳೆ ನಿಲ್ಲಲಿಲ್ಲ. ಮರುದಿನ ಪತ್ರಿಕೆಯಲ್ಲಿ, ಇಡೀ ಪುಸ್ತಕದ ಜೀವ ಆ ಒಂದು ಸಾಲಿನಲ್ಲಿದೆ ಎಂದು ಬಂತು.

'ನಾನು ಬರೆದ ನೂರೆಂಬತ್ತು ಪುಟ ಬಿಟ್ಟು, ನಾನು ಬರೀದೇ ಇರೋ ಒಂದು ಸಾಲನ್ನ ಹೊಗಳಿದರು. ಅದೂ ರುಚಿಸಿತು ನೋಡು. ಒಂದು ಸಲ ಬಾಯಿಗೆ ಹಾಕ್ಕೊಂಡ ಮೇಲೆ ಉಗುಳೋಕೆ ಮನಸ್ಸು ಬರಲಿಲ್ಲ.'

'ನನಗಾದರೂ ಹೇಳಬಹುದಿತ್ತು.'

'ನಿನಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಅಕ್ಷರ ನೋಡಿ ಕೊಟ್ಟ ಕೆಲಸ. ಹುಡುಗಿ ನೋಡೋಕೆ ಹೋಗ್ತೀನಿ, ಪುಸ್ತಕ ಕೊಡಿ ಅಂತ ಕೇಳ್ಕೊಂಡು ಬಂದಿದ್ದೆ. ಹೇಗೆ ಹೇಳಲಿ?'

ಮೂವತ್ತನಾಲ್ಕು ವರ್ಷ ನನ್ನ ಮಾನ ಇವರ ಕೈಯಲ್ಲಿತ್ತು. ನನಗೆ ಗೊತ್ತೇ ಇರಲಿಲ್ಲ.

ಸಿಸ್ಟರ್ ವಿಷಯ ಹೇಳಿದೆ. ನರ್ಸ್ ಎಂದ ಕೂಡಲೇ ದೊಡ್ಡಕ್ಕನ ಬೆನ್ನು ನೆಟ್ಟಗಾಯಿತು.

'ಅಳಲ್ವಾ ಅವಳು?'

'ಆಗಲ್ಲ ಅಂತಾಳೆ.'

'ಅಯ್ಯೋ ಪೆದ್ದ. ಅವಳೇ ಕಣೋ ರಾಣಿ.'

ಹಾಳೆಯನ್ನು ನನ್ನ ಕೈಗೆ ಕೊಟ್ಟರು. 'ನಾನು ಬರ್ತೀನಿ ಅಂದ್ರೆ ಮೆಟ್ಟಲು ಬಿಡಲ್ಲ. ನೀನೇ ಹೇಳು. ನನ್ನ ಪಾಲಿಂದೂ ಸೇರಿಸಿ ಹೇಳು.'

ಮಾರ್ಚ್ 17, ಮಂಗಳವಾರ. ಸಂಜೆ 5

ಹೇಳಿದೆ.

ಬಿಲದಿಂದ ಮೇಲೆ ಹತ್ತಿ ಬಂದೆ. ರಿಹರ್ಸಲ್ ನಡುವೆ ನಾನು ರಂಗದ ಮೇಲೆ ಬಂದದ್ದು ಇದೇ ಮೊದಲು. ಕೋರಸ್ಸಿನಲ್ಲಿ ಯಾರೋ, 'ನೋಡ್ರೋ, ಕಾಲಿದೆ' ಎಂದರು. ನಕ್ಕರು. ಒಳ್ಳೆಯದೇ ಆಯಿತು, ಮೊದಲೇ ನಕ್ಕು ಮುಗಿಸಿದರು.

ಪುಟಸಂಖ್ಯೆ ಹಾಳೆಯನ್ನು ದೀಪದ ಹತ್ತಿರ ಹಿಡಿದು ನೋಡಿದರು. ತಮ್ಮ ಪುಸ್ತಕ ತೆರೆದು ನೋಡಿದರು. ಮತ್ತೆ ಹಾಳೆ. ಕನ್ನಡಕ ತೆಗೆದರು.

'ಇದು ನೀವು ಬರೆದಿದ್ದಾ?'

'ಅಚ್ಚಾಗಿರೋದು ನಾನು ಬರೆದಿದ್ದು. ಬರೀಬೇಕಾಗಿದ್ದು ಇದು. ದೊಡ್ಡಕ್ಕನಿಗೂ ಗೊತ್ತು. ಅವರ ಪಾಲಿನದನ್ನೂ ಸೇರಿಸಿ ಹೇಳು ಅಂದಿದ್ದಾರೆ.'

'ಹದಿನಾರು ವರ್ಷಕ್ಕೆ ಈ ಪುಟ ಓದಿ ನಾನು ಈ ಕೆಲಸಕ್ಕೆ ಬಂದೆ. ನಿಮಗೆ ಗೊತ್ತಾ ಅದು?'

ಗೊತ್ತಿರಲಿಲ್ಲ. ತಲೆ ತಗ್ಗಿಸಿದೆ. ನನ್ನ ಬಾಲ ಕತ್ತರಿಸಿದ ಅಕ್ಷರ ಎಷ್ಟು ಮನೆಗೆ ಹೋಗಿ ಕುಳಿತಿದೆಯೋ.

ಅವರು ಅತ್ತಿಂದಿತ್ತ ನಡೆದರು. 'ಆಗಲಿ. ತಪ್ಪೇ ಇರಲಿ. ಮೂವತ್ತನಾಲ್ಕು ವರ್ಷದಿಂದ ಜನ ಇಲ್ಲಿ ಅತ್ತಿದ್ದಾರೆ. ಅದನ್ನ ಒಂದು ಅಕ್ಷರಕ್ಕೋಸ್ಕರ ಬಿಡೋಕಾಗುತ್ತಾ? ಇಲ್ಲಿ ಜನ ಅಳಲೇಬೇಕು.'

ಸಿಸ್ಟರ್ ಅಷ್ಟು ಹೊತ್ತೂ ಸಿಂಹಾಸನದ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಲ್ಲಿಂದಲೇ ಕೇಳಿದಳು:

'ಜನ ಅಳಲಿ ಸರ್. ನಾನ್ಯಾಕೆ?'

ಪುಟಸಂಖ್ಯೆ ನಡೆಯುವುದನ್ನು ನಿಲ್ಲಿಸಿದರು.

ಅವಳು ಎದ್ದಳು. 'ಒಂದೇ ಸಲ ಹಾಡ್ತೀನಿ. ಆಮೇಲೆ ನೀವು ಆ ಬೇರೆ ಊರಿನವರಿಗೆ ಫೋನ್ ಮಾಡಿ.'

ನಾನು ಬಿಲಕ್ಕೆ ಇಳಿಯಲೂ ಇಲ್ಲ. ಪಕ್ಕದಲ್ಲೇ ನಿಂತೆ. ಕಂಡಕ್ಟರ್ ಕೈ ಎತ್ತಿದರು.

ಸುದ್ದಿ ಬಂತು. ಅವಳು ಬೆಚ್ಚಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ದೂತನ ಕಡೆ ಒಂದು ಸಲ ನೋಡಿದಳು, ಭೇಟಿಯ ಸಮಯ ಮುಗಿಯಿತು ಎಂದು ನೆಂಟರಿಗೆ ಹೇಳುವಂತೆ. ಬಾಗಿಲು ಹಾಕಿ. ಬಾಗಿಲ ಕಡೆ ಕೈ ಮಾಡಲೂ ಇಲ್ಲ, ಆದರೆ ಕೋರಸ್ಸಿನ ಇಬ್ಬರು ನಿಜವಾಗಿ ಬಾಗಿಲ ಕಡೆ ಹೊರಟರು. ದೀಪ ಹಚ್ಚಿ. ನೀರು ಕೊಡಿ. ಒಂದೊಂದೇ ಕೆಲಸ, ಒಂದನ್ನೂ ಮರೆಯದೆ. ಆಮೇಲೆ ಹೆಗಲ ಮೇಲಿನ ಶಾಲು ತೆಗೆದಳು. 'ಮಗನ' — ಸ್ವರ ತಾರಕಕ್ಕೆ ಹೋಯಿತು, ನಿಂತಿತು, ಒಂದು ಎಳೆಯೂ ಅಲುಗಲಿಲ್ಲ — ಆ ಒಂದು ಉಸಿರಿನಲ್ಲಿ ಅವಳು ಶಾಲನ್ನು ಮಡಚಿದಳು. ಅಂಚಿಗೆ ಅಂಚು. ಮೂಲೆಗೆ ಮೂಲೆ. ಅಂಗೈಯಿಂದ ಸುಕ್ಕು ಸವರಿದಳು. ಖಾಲಿಯಾದ ಹಾಸಿಗೆಯ ಚಾದರವನ್ನು ಎಷ್ಟು ಸಲ ಹಾಗೆ ಮಡಚಿದ್ದಳೋ. ಸಿಂಹಾಸನದ ಮೇಲೆ ಇಟ್ಟಳು. 'ಮಡಚಿಡಿ' ಎಂದಳು, ಮಡಚಿ ಆದ ಮೇಲೆ.

ಬಡಗಿ ಸುತ್ತಿಗೆ ಹಿಡಿದುಕೊಂಡೇ ಅಳುತ್ತಿದ್ದ. ಕೋರಸ್ಸಿನಲ್ಲಿ 'ಕಾಲಿದೆ' ಎಂದವರೂ ಅಳುತ್ತಿದ್ದರು. ನನಗೆ ಅಜ್ಜಿಯ ಮೊರ ಕಂಡಿತು. ಕಲ್ಲು ಈ ಕಡೆ, ಕಾಳು ಆ ಕಡೆ.

ಪುಟಸಂಖ್ಯೆ, 'ಪುಟ ನೂರ ಹನ್ನೆ...' ಎಂದು ಶುರುಮಾಡಿದರು. ಮುಗಿಸಲಾಗಲಿಲ್ಲ. ನನ್ನ ಜೇಬಿನ ಪೆನ್ಸಿಲ್ ಕೇಳಿ ತೆಗೆದುಕೊಂಡು ತಮ್ಮ ಪುಸ್ತಕದಲ್ಲಿ ಏನೋ ಗೀಚಿದರು. ಪೆನ್ಸಿಲ್ ವಾಪಸ್ ಕೊಡಲಿಲ್ಲ.

ಆಮೇಲೆ ಸಿಸ್ಟರ್ ಹತ್ತಿರ ಹೋಗಿ, 'ಆ ಫೋನ್ ನಂಬರ್ ಎಲ್ಲಿಟ್ಟೆನೋ ಮರೆತೇಹೋಯ್ತು ಮೇಡಂ' ಎಂದರು.

ಮಾರ್ಚ್ 22, ಭಾನುವಾರ. ಮಧ್ಯಾಹ್ನದ ಆಟ, ಎರಡನೇ ವಿರಾಮ

ಥಿಯೇಟರ್ ತುಂಬಿದೆ. ನಾಲ್ಕು ಜನ ಸೇರಿ ಕುರ್ಚಿ ಸಮೇತ ದೊಡ್ಡಕ್ಕನನ್ನು ಎತ್ತಿಕೊಂಡು ಬಂದರು. ಎರಡನೇ ಸಾಲಿನಲ್ಲಿ ಇವಳ ಪಕ್ಕ ಕೂರಿಸಿದ್ದಾರೆ. ಇಬ್ಬರೂ ಏನೋ ಮಾತಾಡಿಕೊಂಡು ನನ್ನ ಬಿಲದ ಕಡೆ ನೋಡಿ ನಗುತ್ತಿದ್ದಾರೆ. ವಿಷಯ ಏನೆಂದು ಕೇಳಬೇಕಾಗಿಲ್ಲ.

ಸಿಸ್ಟರ್‌ನ ಅಮ್ಮ ಮೂರನೇ ಸಾಲು. ಟಿಕೆಟ್ಟನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದಾರೆ, ಕಂಡಕ್ಟರ್ ಕೇಳಿದರೆ ತೋರಿಸಲು.

ಹಳಬರು ಎಷ್ಟೋ ಜನ ಕರವಸ್ತ್ರ ತಂದಿದ್ದಾರೆ. ರಾಣಿ ಅಳದಿದ್ದರೆ ಏನೆನ್ನುತ್ತಾರೋ. ಗಂಟೆ.

ಮಾರ್ಚ್ 23. ಬೆಳಿಗ್ಗೆ 8

ಹಾಡು ಮುಗಿದ ಮೇಲೆ ಚಪ್ಪಾಳೆ ಬರಲಿಲ್ಲ. ಬಿಲದಲ್ಲಿ ಕುಳಿತು ಎಣಿಸಿದೆ, ಒಂದು, ಎರಡು... ಒಂಬತ್ತು. ರಾಣಿ ಮಡಚಿದ ಶಾಲಿನ ಮೇಲೆ ಕೈಯಿಟ್ಟು ನಿಂತೇ ಇದ್ದಾಳೆ. ಆಮೇಲೆ ಮೂರನೇ ಸಾಲಿನಿಂದ ಒಂದು ಮುದಿ ಬಿಕ್ಕು ಕೇಳಿಸಿತು. ಸಿಸ್ಟರ್‌ನ ಅಮ್ಮ. ಅಲ್ಲಿಂದ ಇಡೀ ಥಿಯೇಟರ್ ಹೊತ್ತಿಕೊಂಡಿತು. ಅಳುವವರು, ಏಳುವವರು, ಅಳುತ್ತಾ ಏಳುವವರು.

ರಾಣಿ ಅಳಲಿಲ್ಲ. ಪರದೆ ಇಳಿದ ಮೇಲೆ ಬಿಲದ ಬಾಯಿಗೆ ಬಂದು ಬಗ್ಗಿ, 'ಅಣ್ಣಾ, ಈಗ ಅಳಬಹುದಾ?' ಎಂದಳು. ಅತ್ತಳು. ನನ್ನ ಪ್ರಾಂಪ್ಟ್ ಪುಸ್ತಕದ ಮೇಲೆ ಮೂರು ಹನಿ ಕಾಡಿಗೆ. ಒರೆಸುವುದಿಲ್ಲ.

ಮೇಟ್ರನ್ ಕೂಡ ಬಂದಿದ್ದರಂತೆ. ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದರಂತೆ.

ಏಪ್ರಿಲ್ 6. ಸಂಜೆ 4

ಪ್ರೆಸ್‌ನಿಂದ ಪ್ರೂಫ್ ಬಂತು. ಮುನ್ನುಡಿಯ ಆ ಸಾಲು ತೆಗೆಯಿರಿ ಎಂದು ದೊಡ್ಡಕ್ಕನಿಗೆ ಹೇಳಿದ್ದೆ. ಕಿವಿ ಕೇಳಿಸಲಿಲ್ಲವೆಂದರು. ಈಗ ನೋಡಿದರೆ ಆ ಸಾಲು ಇದೆ, ಅದರ ಕೆಳಗೆ ಇನ್ನೊಂದು ಸೇರಿಸಿದ್ದಾರೆ: 'ಅದರಲ್ಲಿ ಒಂದು ಮುತ್ತು ಉದುರಿತ್ತು. ಅವನೇ ಹುಡುಕಿ ತಂದಿದ್ದಾನೆ. ಬಚ್ಚಿಟ್ಟುಕೊಂಡವಳು ನಾನು.'

ಎರಡು ಸಲ ಓದಿದೆ. ಮಾವನ ಹಾಗೆ, ಕನ್ನಡಕ ಹಾಕಿಕೊಂಡು.

ಪುಟ ನೂರ ಹನ್ನೆರಡು. ಪ್ರೆಸ್‌ನವರು ಹಳೆಯ ಅಚ್ಚನ್ನೇ ನೋಡಿ ಜೋಡಿಸಿದ್ದಾರೆ. ಅಳಬೇಕು ಎಂದೇ ಇದೆ. ಹೊಸ ಪೆನ್ಸಿಲ್ ಚೂಪು ಮಾಡಿದೆ. ಇವಳು ಸ್ಲೇಟುಗಳನ್ನು ಪಕ್ಕಕ್ಕೆ ತಳ್ಳಿ ಹೆಗಲ ಹಿಂದೆ ಬಂದು ನಿಂತಿದ್ದಾಳೆ. ಹೇಳಿಕೊಡುವುದಿಲ್ಲವಂತೆ, ನೋಡುತ್ತಾಳಂತೆ. ಬಾಲ ಎಳೆದೆ. ಸ್ವಲ್ಪ ಉದ್ದವಾಯಿತು ಎಂದಳು. ಇರಲಿ, ಈ ಸಲ ಇದನ್ನು ಯಾವ ಹುಡುಗನೂ ಕತ್ತರಿಸಲಾರ.